1780ರ ಥಾಲರ್: ಇಸವಿಯನ್ನು ನಂಬಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಾತ ಏಡನ್ನಿನಲ್ಲಿ ಗುಮಾಸ್ತರಾಗಿದ್ದಾಗ ತಂದಿಟ್ಟಿದ್ದ ದೊಡ್ಡದೊಂದು ಬೆಳ್ಳಿ ನಾಣ್ಯ ದೇವರ ಪೆಟ್ಟಿಗೆಯಲ್ಲಿ ಸಿಕ್ಕಿದೆ. ಒಂದು ಬದಿಯಲ್ಲಿ ತಲೆಗೆ ಮುಸುಕು ಹೊದ್ದ ರಾಣಿ, ಇನ್ನೊಂದು ಬದಿಯಲ್ಲಿ ಎರಡು ತಲೆಯ ಹದ್ದು, 1780 ಎಂಬ ಇಸವಿ. ಯುರೋಪಿನ ಹಳೆಯ ಬೆಳ್ಳಿ ನಾಣ್ಯಗಳ ಸಂಗ್ರಹವನ್ನು ಇದರಿಂದಲೇ ಆರಂಭಿಸಬೇಕೆಂದಿದ್ದೇನೆ. ಇದು ನಿಜವಾಗಿಯೂ ಆ ಕಾಲದ್ದೇ?

ಉತ್ತರ: ನಮಸ್ಕಾರ. ಇದು ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾಳ ಹೆಸರಿನ ಥಾಲರ್, ಅಂದರೆ ಅಲ್ಲಿನ ದೊಡ್ಡ ಬೆಳ್ಳಿ ನಾಣ್ಯ. ಇದರ ಇಸವಿ ನೋಡಿ ವಯಸ್ಸು ಹೇಳಲಾಗದು. ರಾಣಿ 1780ರ ನವೆಂಬರ್ 29ರಂದು ತೀರಿಕೊಂಡರೂ, ಇಥಿಯೋಪಿಯಾ ಮತ್ತು ಅರೇಬಿಯಾದ ವ್ಯಾಪಾರಿಗಳು ಕಣ್ಣಿಗೆ ಪಳಗಿದ ಈ ಮುಖವಿಲ್ಲದ ನಾಣ್ಯವನ್ನು ಮುಟ್ಟಲು ಒಪ್ಪದ ಕಾರಣ, ಅದೇ ಇಸವಿಯನ್ನಿಟ್ಟು ವಿಯೆನ್ನಾದಲ್ಲಿ ಇಂದಿಗೂ ಅಚ್ಚು ಹಾಕುತ್ತಾರೆ. 1935ರಲ್ಲಿ ಇಟಲಿ ಆಸ್ಟ್ರಿಯಾದಿಂದ ಅಚ್ಚುಗಳನ್ನು ಪಡೆದು ರೋಮ್‌ನಲ್ಲಿ ಟಂಕಿಸತೊಡಗಿದ ಮೇಲೆ ಲಂಡನ್, ಪ್ಯಾರಿಸ್, ಬ್ರಸೆಲ್ಸ್‌ಗಳೂ ಟಂಕಿಸಿದವು. 1940-41ರಲ್ಲಿ ನಮ್ಮ ಮುಂಬಯಿ ಟಂಕಸಾಲೆಯೂ ಸೇರಿತು. ತಾತನವರ ನಾಣ್ಯ ಮುಂಬಯಿಯದೇ ಆಗಿದ್ದರೂ ಆಶ್ಚರ್ಯವಿಲ್ಲ.

ಮೊದಲು ಬೆಳ್ಳಿಯನ್ನು ಖಚಿತಪಡಿಸಿಕೊಳ್ಳಿ. ತೂಕ ಸುಮಾರು 28.07 ಗ್ರಾಂ ಇರಬೇಕು, ಸಾವಿರಕ್ಕೆ 833 ಪಾಲು ಬೆಳ್ಳಿ. ಅಕ್ಕಸಾಲಿಗರ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ದಾರದಲ್ಲಿ ಕಟ್ಟಿದ ನಾಣ್ಯವನ್ನು ತಳಕ್ಕೆ ತಾಗದಂತೆ ಮುಳುಗಿಸಿದರೆ ತಕ್ಕಡಿ ಸುಮಾರು 2.75 ಗ್ರಾಂ ತೋರಿಸಬೇಕು; ಇದು ನಾಣ್ಯದ ತೂಕವಲ್ಲ, ಅದು ಸರಿಸಿದ ನೀರಿನ ತೂಕ. ಮೂರು ಗ್ರಾಂ ದಾಟಿದರೆ ಅಷ್ಟೇ ತೂಕಕ್ಕೆ ಗಾತ್ರ ಹೆಚ್ಚು, ಲೋಹ ಹಗುರ, ಅಂದರೆ ಖೋಟಾ. ಅಂಚಿನಲ್ಲಿ ‘ನ್ಯಾಯ ಮತ್ತು ದಯೆಯಿಂದ’ ಎಂಬರ್ಥದ ಲ್ಯಾಟಿನ್ ಬರಹದ ಅಕ್ಷರಗಳು ಉಬ್ಬಿರಬೇಕು, ಬೆರಳಾಡಿಸಿದರೆ ತಿಳಿಯುತ್ತದೆ.

ಇನ್ನು ಟಂಕಸಾಲೆ. ರಾಣಿಯ ಎದೆಯ ಕೆಳಗಿರುವ ‘ಎಸ್.ಎಫ್.’ ಅಕ್ಷರಗಳು ಗ್ಯೂನ್ಸ್‌ಬುರ್ಗ್ ಟಂಕಸಾಲೆಯ ಶೋಬ್ಲ್ ಮತ್ತು ಫಾಬಿ ಎಂಬ ಅಧಿಕಾರಿಗಳವು, ಆದರೆ ಮರುಟಂಕನಗಳಲ್ಲೂ ಅವೇ ಇರುವುದರಿಂದ ಅವನ್ನು ನೆಚ್ಚುವಂತಿಲ್ಲ. ಹದ್ದಿನ ಬಾಲದ ಗರಿಗಳ ಜೋಡಣೆ, ಭುಜದ ಪದಕದ ಮುತ್ತುಗಳು, ಇವುಗಳ ಸೂಕ್ಷ್ಮ ವ್ಯತ್ಯಾಸಗಳೇ ದಾರಿ. ಇವೆರಡನ್ನೂ ಹತ್ತಿರದಿಂದ ಫೋಟೊ ತೆಗೆದು ಇಲ್ಲಿ ಹಾಕಿ.

ರಾಣಿಯ ಕಾಲದ್ದೇ ಬೇಕೆಂದರೆ 1780ಕ್ಕಿಂತ ಹಿಂದಿನ ಇಸವಿಯ ಥಾಲರ್ ಹುಡುಕಿ. ಪತಿ ಫ್ರಾನ್ಸಿಸ್ 1765ರಲ್ಲಿ ತೀರಿಕೊಂಡ ಮೇಲೆಯೇ ಆಕೆ ನಾಣ್ಯಗಳಲ್ಲಿ ವೈಧವ್ಯದ ಮುಸುಕು ಹೊದ್ದಳು. ಅದಕ್ಕೂ ಮೊದಲಿನ ಮುಖ ಬೇರೆಯೇ, ನನಗಂತೂ ಅದೇ ಹೆಚ್ಚು ಪ್ರಿಯ.

ಪ್ರಶ್ನೆ: ಧನ್ಯವಾದ ಸರ್. ನಾಣ್ಯ ಕಪ್ಪಾಗಿದೆ, ಹುಣಸೆಹಣ್ಣು ಹಚ್ಚಿ ಉಜ್ಜೋಣವೆಂದು ಅಮ್ಮ ಹೇಳುತ್ತಿದ್ದಾರೆ.

ಉತ್ತರ: ದಯವಿಟ್ಟು ಬೇಡ. ಉಜ್ಜಿದರೆ ಮುತ್ತುಗಳ, ಗರಿಗಳ ಗೆರೆ ಸವೆದು ಗುರುತಿಸುವ ದಾರಿಯೇ ಮುಚ್ಚುತ್ತದೆ. ಅಮ್ಮನವರಿಗೆ ಹೇಳಿ, ಆ ಕಪ್ಪು ಕೊಳೆಯಲ್ಲ, ಬೆಳ್ಳಿಗೆ ವರ್ಷಗಟ್ಟಲೆ ಗಾಳಿ ತಾಗಿ ಬಂದ ಬಣ್ಣ. ಸಂಗ್ರಾಹಕರು ಅದನ್ನು ನೋಡಿಯೇ ಕೊಳ್ಳುತ್ತಾರೆ.