ಗೋಡೆಯಲ್ಲಿ ಸಿಮೆಂಟ್ ಹಾಕಿ ಕೂರಿಸಿದ ಪೆನ್‌ಡ್ರೈವ್: ಲ್ಯಾಪ್‌ಟಾಪ್‌ಗೆ ಚುಚ್ಚಬಹುದಾ?

ಪ್ರಶ್ನೆ (ಎಂಎಸ್ ವಿದ್ಯಾರ್ಥಿ, ಜರ್ಮನಿ):
ನಮಸ್ಕಾರ ಮೇಡಂ. ಊರು ಹಾಸನ, ಓದಲು ಜರ್ಮನಿಗೆ ಬಂದಿದ್ದೇನೆ. ನಮ್ಮ ಹಾಸ್ಟೆಲ್ ಹತ್ತಿರ ಒಂದು ಹಳೆಯ ಇಟ್ಟಿಗೆ ಗೋಡೆ ಇದೆ. ಅದರ ಸಂದಿಯಲ್ಲಿ ಯಾರೋ ಪೆನ್‌ಡ್ರೈವ್ ಇಟ್ಟು ಸಿಮೆಂಟ್ ಮೆತ್ತಿದ್ದಾರೆ. ಲೋಹದ ತುದಿ ಮಾತ್ರ ಹೊರಗೆ ಕಾಣುತ್ತದೆ. ರೂಮಿನವರು ಇದಕ್ಕೆ ಡೆಡ್ ಡ್ರಾಪ್ ಅಂತಾರೆ, ಇದೊಂದು ಬೀದಿ ಕಲೆಯಂತೆ. ಲ್ಯಾಪ್‌ಟಾಪನ್ನು ಗೋಡೆಗೆ ಒತ್ತಿ ಹಿಡಿದರೆ ಒಳಗಿರುವ ಫೈಲ್ ತಗೊಳ್ಳಬಹುದು, ನಮ್ಮದನ್ನೂ ಹಾಕಬಹುದು. ನನ್ನ ಲ್ಯಾಪ್‌ಟಾಪ್‌ನಲ್ಲಿ ಥೀಸಿಸ್ ಇದೆ, ಬ್ಯಾಂಕ್ ಲಾಗಿನ್ ಇದೆ. ಒಳ್ಳೆ ಆಂಟಿವೈರಸ್ ಇದೆ. ಚುಚ್ಚಿ ನೋಡಬಹುದಾ?

ಉತ್ತರ (ಸೈಬರ್ ಸೆಕ್ಯುರಿಟಿ ಟೆಸ್ಟರ್, ಬೆಂಗಳೂರು):
ಆ ಲ್ಯಾಪ್‌ಟಾಪ್‌ಗಂತೂ ಬೇಡ.

ನಿಮ್ಮ ರೂಮಿನವರು ಹೇಳಿದ್ದು ನಿಜ, ಅದು ಕಲೆಯೇ. ಬರ್ಲಿನ್‌ನ ಕಲಾವಿದ ಆರಾಮ್ ಬಾರ್ಟೋಲ್ 2010ರ ಅಕ್ಟೋಬರ್‌ನಲ್ಲಿ ಇದನ್ನು ನ್ಯೂಯಾರ್ಕ್‌ನಲ್ಲಿ ಶುರು ಮಾಡಿದರು. ಆಗ ಅವರು ಅಲ್ಲಿನ ಐಬೀಮ್ ಅನ್ನುವ ಕಲಾ ಕೇಂದ್ರದಲ್ಲಿ ಅತಿಥಿ ಕಲಾವಿದರಾಗಿದ್ದರು. ಊರಿನ ಐದು ಕಡೆ ಗೋಡೆಗಳಲ್ಲಿ ಪೆನ್‌ಡ್ರೈವ್ ಕೂರಿಸಿದರು. ಯೂನಿಯನ್ ಸ್ಕ್ವೇರ್ ಸಬ್‌ವೇ ಸ್ಟೇಷನ್‌ನಲ್ಲೂ ಒಂದಿತ್ತು. ಒಳಗೆ ಇದ್ದದ್ದು ಈ ಯೋಜನೆ ಏನು ಅಂತ ಹೇಳುವ ಒಂದು ರೀಡ್‌ಮಿ ಫೈಲ್ ಮಾತ್ರ. ಮಿಕ್ಕಿದ್ದನ್ನು ದಾರಿಹೋಕರು ತುಂಬಬೇಕು. ನೀವೂ ಮಾಡಿ ಅಂತ ಅವರು ಮಾಡುವ ವಿಧಾನವನ್ನೂ ಬಿಡಿಸಿ ಹೇಳಿದರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಜನ ತಾವೇ ಸಿಮೆಂಟ್ ಕಲಸಿದರು. ನಿಮ್ಮ ಗೋಡೆಯದೂ ಹಾಗೆ ಬಂದದ್ದೇ ಇರಬೇಕು.

ಈಗ ತೊಂದರೆಗೆ ಬರೋಣ. ಪೆನ್‌ಡ್ರೈವ್ ಅಂದರೆ ಬರೀ ಮೆಮೊರಿ ಅಲ್ಲ. ಒಳಗೆ ಒಂದು ಪುಟ್ಟ ಕಂಟ್ರೋಲರ್ ಚಿಪ್ ಇರುತ್ತದೆ, ಅದಕ್ಕೆ ಅದರದೇ ಸಾಫ್ಟ್‌ವೇರ್ ಇರುತ್ತದೆ. 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಅನ್ನುವ ಜರ್ಮನ್ ಸಂಶೋಧಕರು ಆ ಸಾಫ್ಟ್‌ವೇರನ್ನೇ ಬದಲಾಯಿಸಿ ತೋರಿಸಿದರು. ಅದಕ್ಕೆ ಬ್ಯಾಡ್‌ಯುಎಸ್‌ಬಿ ಅಂತ ಹೆಸರು. ಚುಚ್ಚಿದ ತಕ್ಷಣ ಡ್ರೈವ್ ‘ನಾನು ಕೀಬೋರ್ಡ್’ ಅಂತ ಕಂಪ್ಯೂಟರಿಗೆ ಪರಿಚಯ ಹೇಳಿಕೊಳ್ಳುತ್ತದೆ. ಆಮೇಲೆ ತಾನೇ ಕಮಾಂಡ್ ಟೈಪ್ ಮಾಡುತ್ತದೆ. ನೀವು ಯಾವ ಫೈಲನ್ನೂ ತೆರೆದಿರಬೇಕಿಲ್ಲ. ಆಂಟಿವೈರಸ್ ನೋಡುವುದು ಫೈಲುಗಳನ್ನು, ಈ ಚಿಪ್‌ನ ಒಳಗೆ ಅದು ಇಣುಕುವುದಿಲ್ಲ. ಡ್ರೈವ್ ಫಾರ್ಮ್ಯಾಟ್ ಮಾಡಿದರೂ ಇದು ಹೋಗುವುದಿಲ್ಲ.

ಅದೇ ವಿದ್ಯಾರ್ಥಿ:
ಆದರೆ ಚುಚ್ಚಿದ ಕೂಡಲೇ ಪೆನ್‌ಡ್ರೈವ್‌ನ ಪ್ರೋಗ್ರಾಂ ತಾನೇ ಓಡುವ ಆಟೋರನ್ ಈಗ ವಿಂಡೋಸ್‌ನಲ್ಲಿ ಇಲ್ವಲ್ಲ ಮೇಡಂ? ಸುಮ್ನೆ ಫೋಲ್ಡರ್ ತೆರೆದು ನೋಡಿ, ಏನನ್ನೂ ಕ್ಲಿಕ್ ಮಾಡದೆ ತೆಗೆದರೆ?

ಉತ್ತರ:
ಆಟೋರನ್ ಹೋಗಿದ್ದು ಒಳ್ಳೆಯದೇ ಆಯಿತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗೆ ಅದನ್ನು ತೆಗೆದರು, ಹಳೆಯ ಎಕ್ಸ್‌ಪಿಗೂ 2011ರಲ್ಲಿ ಅಪ್‌ಡೇಟ್ ಕೊಟ್ಟರು. ನಮ್ಮ ಸೈಬರ್ ಸೆಂಟರ್‌ಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಪೆನ್‌ಡ್ರೈವ್ ಕೊಟ್ಟು ವೈರಸ್ ತಂದುಕೊಂಡವರಿಗೆ ಆ ಕಾಲ ನೆನಪಿರುತ್ತದೆ.

ಆದರೆ ‘ಸುಮ್ನೆ ನೋಡುವುದು’ ಕೂಡ ಯಾವಾಗಲೂ ಸುರಕ್ಷಿತ ಅಲ್ಲ. ಬಾರ್ಟೋಲ್ ಗೋಡೆಗೆ ಸಿಮೆಂಟ್ ಹಾಕಿದ ಅದೇ 2010ರಲ್ಲಿ, ಕೆಲವೇ ತಿಂಗಳ ಮುಂಚೆ, ಸ್ಟಕ್ಸ್‌ನೆಟ್ ಬಯಲಿಗೆ ಬಂದಿತ್ತು. ಇರಾನಿನ ನತಾಂಜ್ ಅಣು ಘಟಕದ ಯಂತ್ರಗಳನ್ನು ಕೆಡಿಸಲು ಬರೆದ ವರ್ಮ್, ಅಂದರೆ ತಾನೇ ಹರಡುವ ವೈರಸ್ ಅದು. ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿಗೂ ಪೆನ್‌ಡ್ರೈವ್ ಮೂಲಕ ಹೋಗುವಂತೆ ಅದನ್ನು ಮಾಡಿದ್ದರು. ಫೋಲ್ಡರ್ ತೆರೆದಾಗ ವಿಂಡೋಸ್ ಒಂದು ಶಾರ್ಟ್‌ಕಟ್‌ನ ಐಕಾನ್ ತೋರಿಸಿದರೆ ಸಾಕಿತ್ತು, ಅದು ಒಳಗೆ ಸೇರಿಬಿಡುತ್ತಿತ್ತು. ಇರಾನ್, ಇಂಡೋನೇಷ್ಯಾ ಬಿಟ್ಟರೆ ಅದು ಅತಿ ಜಾಸ್ತಿ ಹರಡಿದ್ದು ಭಾರತದಲ್ಲೇ. ಆ ತೂತಿಗೆ ಆಗಲೇ ಅಪ್‌ಡೇಟ್ ಕೊಟ್ಟರು, ನಿಜ. ಮುಂದಿನ ತೂತು ಯಾರಿಗೆ ಮೊದಲು ಸಿಗುತ್ತದೆ ಅಂತ ಹೇಳುವವರು ಯಾರು?

ಸಾಫ್ಟ್‌ವೇರ್ ತಡೆಯಲಾರದ ಇನ್ನೊಂದು ವಿಷಯ ಕರೆಂಟ್. ಯುಎಸ್‌ಬಿ ಕಿಲ್ಲರ್ ಅಂತ ಒಂದು ಸಾಧನ ಇದೆ, ನೋಡಲು ಪೆನ್‌ಡ್ರೈವ್ ಥರಾನೇ. ಪೋರ್ಟಿನ 5 ವೋಲ್ಟ್ ತಗೊಂಡು ಕರೆಂಟ್ ಕೂಡಿಡುವ ಒಳಗಿನ ಕೆಪಾಸಿಟರ್‌ಗಳಲ್ಲಿ ತುಂಬಿಸಿಕೊಳ್ಳುತ್ತದೆ. ಆಮೇಲೆ 200 ವೋಲ್ಟ್‌ಗೂ ಜಾಸ್ತಿ ಒತ್ತಡದಲ್ಲಿ ಡೇಟಾ ತಂತಿಗಳಿಗೆ ವಾಪಸ್ ಬಿಡುತ್ತದೆ. ಬೋರ್ಡ್ ಸಾಯುವವರೆಗೂ ಮತ್ತೆ ಮತ್ತೆ ಹಾಗೇ ಮಾಡುತ್ತದೆ. ಸಿಮೆಂಟಿನ ಹಿಂದೆ ಏನಿದೆ ಅಂತ ಹೊರಗಿನ ತುದಿ ನೋಡಿ ಯಾರಿಗೂ ಹೇಳಲಾಗುವುದಿಲ್ಲ.

ಗ್ರಾಫಿಕ್ ಡಿಸೈನರ್, ಮೈಸೂರು:
ಕ್ಷಮಿಸಿ ಮೇಡಂ, ನಿಮ್ಮ ವೃತ್ತಿಯವರು ಎಲ್ಲವನ್ನೂ ಹೀಗೇ ನೋಡುತ್ತೀರಿ. ನಮ್ಮ ಫೋಟೋ, ಹಾಡು, ಬರಹ ಎಲ್ಲ ಎರಡು ಮೂರು ದೊಡ್ಡ ಕಂಪನಿಗಳ ಸರ್ವರ್‌ನಲ್ಲಿ ಕೂತಿದೆ. ಯಾರು ಏನು ನೋಡಿದರು ಅಂತ ಅವರಿಗೆ ಲೆಕ್ಕ ಇರುತ್ತದೆ. ಇಲ್ಲೊಬ್ಬ ಕಲಾವಿದ ಲಾಗಿನ್ ಇಲ್ಲದೆ, ಜಾಹೀರಾತು ಇಲ್ಲದೆ, ಬೀದಿಯಲ್ಲಿ ನಿಂತು ಹಂಚಿಕೊಳ್ಳಿ ಅಂದ. ಅದರಲ್ಲೂ ನಿಮಗೆ ವೈರಸ್ಸೇ ಕಾಣುತ್ತದಲ್ಲ!

ಉತ್ತರ:
ನನಗೂ ಈ ಕಲೆ ಇಷ್ಟ ಸರ್. ಲ್ಯಾಪ್‌ಟಾಪ್ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತವರ ಫೋಟೋಗಳನ್ನು ನೋಡಿದ್ದೀರಾ? ಕ್ಲೌಡ್ ಅಂತ ನಾವು ಕರೆಯುವುದೂ ಯಾವುದೋ ಕಟ್ಟಡದೊಳಗಿನ ಡಿಸ್ಕ್ ತಾನೇ ಅಂತ ಆ ಒಂದು ಭಂಗಿಯೇ ಹೇಳುತ್ತದೆ. ಆದರೆ ನೀವು ಮೆಚ್ಚುವ ಗುಣವೂ ನಾನು ಹೆದರುವ ಗುಣವೂ ಒಂದೇ ಕಡೆಯಿಂದ ಬರುತ್ತವೆ. ನಿಮಗಿಂತ ಮೊದಲು ಅಲ್ಲಿ ಯಾರು ಬಂದಿದ್ದರು ಅಂತ ಯಾರೂ ಬರೆದಿಡುವುದಿಲ್ಲ. ಅದಕ್ಕೇ ಸ್ವಾತಂತ್ರ್ಯ, ಅದಕ್ಕೇ ಅಪಾಯ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲು ಆಗುವುದಿಲ್ಲ. ಡ್ರೈವ್‌ಗೆ ಬೀಗ ಹಾಕಿದರೆ ಅಥವಾ ಹಾಕಿದವರ ಹೆಸರು ಕೇಳಿದರೆ ಅದು ಡೆಡ್ ಡ್ರಾಪ್ ಆಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಬಾರ್ಟೋಲ್ ಅವರೇ 2012ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್‌ನ ಗೋಡೆಯಲ್ಲಿ ಡಿವಿಡಿ ಡೆಡ್ ಡ್ರಾಪ್ ಮಾಡಿದರು. ಖಾಲಿ ಡಿವಿಡಿ ತಂದು ಗೋಡೆಯ ಸೀಳಿಗೆ ತೂರಿಸಿದರೆ, ಆಯ್ದ ಕೃತಿಗಳನ್ನು ಅದರ ಮೇಲೆ ಬರೆದು ಕೊಡುತ್ತಿತ್ತು. ನನ್ನ ಕಣ್ಣಿಗೆ ಇದು ಜಾಸ್ತಿ ಸುರಕ್ಷಿತ. ಏನಿರಬೇಕು ಅಂತ ಆರಿಸುವವರು ಗೊತ್ತಿರುವವರು, ಗೋಡೆಗೆ ಹೋಗುವುದು ಖಾಲಿ ಡಿಸ್ಕ್, ಕಂಪ್ಯೂಟರ್ ಅಲ್ಲ. ನಿಮಗೆ ಇದು ಕಡಿಮೆ ಕಲೆ ಅನ್ನಿಸಬಹುದು, ಜಗಳ ಆಡಲ್ಲ.

ಬಿಇ ವಿದ್ಯಾರ್ಥಿನಿ, ಹುಬ್ಬಳ್ಳಿ:
ಮೇಡಂ, ಫೋನ್‌ಗೆ ಪೆನ್‌ಡ್ರೈವ್ ಜೋಡಿಸುವ ಓಟಿಜಿ ಕೇಬಲ್ ಹಾಕಿ ನೋಡಿದರೆ? ಅಥವಾ ಚಾರ್ಜಿಂಗ್‌ಗೆ ಬಳಸುವ ಡೇಟಾ ಬ್ಲಾಕರ್ ಹಾಕಿಕೊಂಡರೆ?

ಉತ್ತರ:
ಇವತ್ತು ಲ್ಯಾಪ್‌ಟಾಪ್‌ಗಿಂತ ಜಾಸ್ತಿ ಗುಟ್ಟು ಫೋನಿನಲ್ಲೇ ಇರುತ್ತದೆ ಅಲ್ವಾ? ಯುಪಿಐ, ಓಟಿಪಿ ಎಲ್ಲ ಅಲ್ಲೇ. ಬೇಡ. ಡೇಟಾ ಬ್ಲಾಕರ್ ಡೇಟಾ ತಂತಿಗಳನ್ನೇ ಕತ್ತರಿಸುತ್ತದೆ, ಆದ್ದರಿಂದ ಫೈಲೂ ಬರುವುದಿಲ್ಲ.

ಬಿಇ ವಿದ್ಯಾರ್ಥಿನಿ:
ಸರಿ. ನಮ್ಮ ಕಾಲೇಜ್ ಫೆಸ್ಟ್‌ಗೆ ಇಂಥದ್ದು ಒಂದು ಮಾಡಬೇಕು ಅಂತ ಗೆಳತಿಯರೆಲ್ಲ ಮಾತಾಡಿಕೊಂಡಿದ್ದೇವೆ. ಕ್ಯಾಂಪಸ್ ಹೊರಗಿನ ಗೋಡೆಗೆ ಹಾಕೋಣ ಅಂತ.

ಉತ್ತರ:
ಹೊರಗಿನ ಗೋಡೆ ಬಿಡಿ. ಸಾರ್ವಜನಿಕ ಜಾಗದ ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರ ಕಾಯ್ದೆ ಇದೆ. ಗೋಡೆಯ ಮಾಲೀಕರನ್ನು ಕೇಳದೆ ಸಿಮೆಂಟ್ ಮೆತ್ತುವುದು ಹೇಗೂ ತಪ್ಪೇ. ಪ್ರಿನ್ಸಿಪಾಲರ ಒಪ್ಪಿಗೆ ತಗೊಂಡು ಕಾಲೇಜಿನ ಒಳಗೇ ಮಾಡಿ.

ನಾನಾಗಿದ್ದರೆ ಪೈರೇಟ್‌ಬಾಕ್ಸ್ ಮಾದರಿಗೆ ಹೋಗುತ್ತಿದ್ದೆ. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದ ಡೇವಿಡ್ ಡಾರ್ಟ್ಸ್ 2011ರಲ್ಲಿ ಮಾಡಿದ್ದು. ಇಂಟರ್‌ನೆಟ್ ಇಲ್ಲದ ಒಂದು ವೈಫೈ ರೂಟರ್, ಅದರ ಹಿಂದೆ ಒಂದು ಪೆನ್‌ಡ್ರೈವ್. ಹತ್ತಿರ ಬಂದವರು ವೈಫೈ ಹಿಡಿದು ಬ್ರೌಸರ್‌ನಲ್ಲಿ ಫೈಲ್ ಹಾಕಬಹುದು, ತಗೊಳ್ಳಬಹುದು. ಆ ಯೋಜನೆಯನ್ನು 2019ರಲ್ಲಿ ನಿಲ್ಲಿಸಿದರು, ಆದರೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು ಅಂಥದ್ದನ್ನು ನೀವೇ ಮಾಡಬಹುದು. ತಂತಿಯ ಸಂಪರ್ಕವೇ ಇಲ್ಲದ ಕಾರಣ ಕೀಬೋರ್ಡ್ ವೇಷದ ಮೋಸವೂ ಇಲ್ಲ, ಕರೆಂಟ್ ಹೊಡೆತವೂ ಇಲ್ಲ. ಫೈಲಿನೊಳಗಿನ ವೈರಸ್ ಅಪಾಯ ಮಾತ್ರ ಹಾಗೇ ಇರುತ್ತದೆ. ಅದಕ್ಕೆ ಫೋಟೋ, ಹಾಡು, ಟೆಕ್ಸ್ಟ್ ಬಿಟ್ಟು ಬೇರೆ ಥರದ ಫೈಲನ್ನು ತಗೊಳ್ಳದಂತೆ ಮಾಡಿ. ಹಾಕಿದ್ದನ್ನು ನಿಮ್ಮಲ್ಲೊಬ್ಬರು ನೋಡಿದ ಮೇಲೆ ಹೊರಗೆ ಕಾಣಲಿ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಯಾರೋ ಮಕ್ಕಳ ಅಶ್ಲೀಲ ಚಿತ್ರ ತಂದು ತುಂಬಿದರೆ ಐಟಿ ಕಾಯ್ದೆಯ 67ಬಿ ಪ್ರಕಾರ ಅದನ್ನು ಡೌನ್‌ಲೋಡ್ ಮಾಡಿಕೊಂಡರೂ ಅಪರಾಧ.

ಐಟಿ ಸಪೋರ್ಟ್ ಕೆಲಸ, ಬೆಂಗಳೂರು:
ಗೋಡೆ ಬಿಡಿ ಮೇಡಂ, ನಮ್ಮ ಆಫೀಸ್ ಪಾರ್ಕಿಂಗ್‌ನಲ್ಲಿ ಬಿದ್ದ ಪೆನ್‌ಡ್ರೈವ್ ಎತ್ತಿಕೊಂಡು ಬಂದು ನೇರ ಡೆಸ್ಕ್‌ಟಾಪ್‌ಗೆ ಹಾಕುತ್ತಾರೆ. ಹೇಳಿ ಹೇಳಿ ಸಾಕಾಯಿತು.

ಉತ್ತರ:
ನಿಮ್ಮವರು ಮಾತ್ರ ಅಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಬೇಕಂತಲೇ ಬೀಳಿಸಿ ಕಾದರು. 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲವನ್ನೂ ಜನ ಎತ್ತಿಕೊಂಡಿದ್ದರು, ಶೇ. 45ರಷ್ಟು ಡ್ರೈವ್‌ಗಳಲ್ಲಿ ಫೈಲ್ ತೆರೆದೂ ನೋಡಿದ್ದರು. ಯಾಕೆ ಅಂದರೆ, ಕಳೆದುಕೊಂಡವರಿಗೆ ವಾಪಸ್ ಕೊಡೋಣ ಅಂತ ಹೇಳಿದವರೇ ಜಾಸ್ತಿ. ಬೈದರೆ ಇದು ನಿಲ್ಲುವುದಿಲ್ಲ. ರಿಸೆಪ್ಷನ್‌ನಲ್ಲಿ ಒಂದು ಡಬ್ಬಿ ಇಡಿ, ‘ಸಿಕ್ಕ ಪೆನ್‌ಡ್ರೈವ್ ಇಲ್ಲಿ ಹಾಕಿ, ಮಾಲೀಕರನ್ನು ನಾವು ಹುಡುಕುತ್ತೇವೆ’ ಅಂತ ಬರೆಯಿರಿ. ಆ ಒಳ್ಳೆತನಕ್ಕೆ ಒಂದು ದಾರಿ ಸಿಕ್ಕರೆ ಡೆಸ್ಕ್‌ಟಾಪ್‌ವರೆಗೆ ಬರುವುದು ಕಡಿಮೆಯಾಗುತ್ತದೆ.

ಜರ್ಮನಿಯ ವಿದ್ಯಾರ್ಥಿ:
ಮೇಡಂ, ಇಷ್ಟೆಲ್ಲ ಕೇಳಿದ ಮೇಲೂ ಆಸೆ ಹೋಗಿಲ್ಲ! ಹಳೆಯ ರಾಸ್ಪ್‌ಬೆರಿ ಪೈ ಒಂದಿದೆ. ಅದರಲ್ಲಿ ಮಾಡಬಹುದಾ?

ಉತ್ತರ:
ಹೋದರೂ ಬೇಜಾರಿಲ್ಲ ಅನ್ನುವ ಯಂತ್ರ ಅದಾದರೆ ಮಾಡಿ. ಹೊಸದಾಗಿ ಆಪರೇಟಿಂಗ್ ಸಿಸ್ಟಮ್ ಬರೆದ ಎಸ್‌ಡಿ ಕಾರ್ಡ್ ಹಾಕಿ, ಅದರಲ್ಲಿ ನಿಮ್ಮ ಯಾವ ಪಾಸ್‌ವರ್ಡೂ ಇರಬಾರದು. ವೈಫೈ ಆಫ್ ಮಾಡಿ. ಪವರ್‌ಬ್ಯಾಂಕ್, ಪುಟ್ಟ ಸ್ಕ್ರೀನ್, ಜೊತೆಗೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಗೊಂಡು ಹೋಗಿ. ಕೇಬಲ್ ಇಲ್ಲದಿದ್ದರೆ ಗೋಡೆಗೆ ಒತ್ತಿ ಹಿಡಿಯುವಾಗ ಪೋರ್ಟೇ ಮುರಿಯಬಹುದು. ಮಳೆಗೆ ತುಕ್ಕು ಹಿಡಿದ ತುದಿಯಾದರೆ ಚುಚ್ಚಲೇಬೇಡಿ.

ಇಡೀ ಫೋಲ್ಡರ್ ಕಾಪಿ ಮಾಡಬೇಡಿ, ಅದರಲ್ಲಿ ಏನಿದೆ ಅಂತ ಗೊತ್ತಾಗುವುದು ಮನೆಗೆ ಹೋದ ಮೇಲೆ. ಕೆಲವು ಫೈಲ್ ಇಟ್ಟುಕೊಂಡರೇ ಅಪರಾಧ, ಜರ್ಮನಿಯಲ್ಲೂ ಅಷ್ಟೇ. ಅಲ್ಲೇ ನಿಂತು ಪೈನಲ್ಲೇ ನೋಡಿ. ವಾಪಸ್ ಬಂದು ಕಾರ್ಡನ್ನು ಅಳಿಸಿ ಮತ್ತೆ ಬರೆಯಿರಿ. ಪೈನಿಂದ ಲ್ಯಾಪ್‌ಟಾಪ್‌ಗೆ ಏನನ್ನೂ ಸಾಗಿಸಬೇಡಿ.

ನಿಮ್ಮದೇನಾದರೂ ಹಾಕುವುದಿದ್ದರೆ, ಫೋಟೋದೊಳಗೆ ಜಿಪಿಎಸ್ ಜಾಗ, ವರ್ಡ್ ಫೈಲಿನೊಳಗೆ ನಿಮ್ಮ ಹೆಸರು ಉಳಿದಿರುತ್ತದೆ, ಮೊದಲು ತೆಗೆಯಿರಿ. ನಿಮ್ಮ ನಂತರ ಬಂದವರು ನಿಮ್ಮ ಪಿಡಿಎಫ್ ಅಳಿಸಿ ಅದೇ ಹೆಸರಲ್ಲಿ ವೈರಸ್ ಇರುವ ಫೈಲ್ ಇಡಬಹುದು. ಆದ್ದರಿಂದ ‘ನಾನು ಹಾಕಿದ್ದು, ಹೋಗಿ ನೋಡಿ’ ಅಂತ ಗೆಳೆಯರನ್ನು ಆ ಗೋಡೆಗೆ ಕಳಿಸಬೇಡಿ. ಅವರಿಗೆ ಫೈಲನ್ನು ನೀವೇ ಕೊಡಿ.