ಪ್ರಶ್ನೋತ್ತರ: ಮಗುವನ್ನು ಮನೋರೋಗ ವಾರ್ಡಿಗೆ ಯಾವಾಗ ಸೇರಿಸಬೇಕು?

ಅಡ್ಮಿನ್: ಇವತ್ತು ರಾತ್ರಿ 8ರಿಂದ ಮಕ್ಕಳ ಮನೋವೈದ್ಯೆ ಡಾಕ್ಟರ್ ಮೇಡಂ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಸದಸ್ಯ, ಮಂಡ್ಯ: ಮೇಡಂ, 14 ವರ್ಷದ ಮಗ ಮೊಬೈಲ್ ಬಿಡಲ್ಲ. ಕಿತ್ತುಕೊಂಡರೆ ಸಾಮಾನು ಒಡೀತಾನೆ. ಎರಡು ತಿಂಗಳು ಎಲ್ಲಾದರೂ ಸೇರಿಸಬಹುದಾ?

ಡಾಕ್ಟರ್: ಮೊದಲು ಓಪಿಡಿಗೆ ತೋರಿಸಿ. ಸಿಟ್ಟಿನ ಹಿಂದೆ ಖಿನ್ನತೆ ಇರಬಹುದು, ಓದಿನ ತೊಂದರೆ ಇರಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ (ಸರ್ಕಾರದ ಮಾನಸಿಕ ಆರೋಗ್ಯ ತಪಾಸಣೆ) ಯಾವತ್ತು ಅಂತ ವಿಚಾರಿಸಿ, ಸಾಮಾನ್ಯವಾಗಿ ಮಂಗಳವಾರ ಇರುತ್ತದೆ.

ತಾಯಿ, ಹಾವೇರಿ ಕಡೆ: ಮೇಡಂ, ಮಗಳಿಗೆ 13 ವರ್ಷ. ಆರು ದಿನದಿಂದ ಮಾತಿಲ್ಲ. ನಿಂತಲ್ಲೇ ನಿಂತಿರುತ್ತಾಳೆ. ಕೈ ಎತ್ತಿ ಬಿಟ್ಟರೆ ಹಾಗೇ ಇರುತ್ತದೆ. ಮೂರು ದಿನದಿಂದ ಊಟ ಇಲ್ಲ, ನಿನ್ನೆಯಿಂದ ನೀರೂ ನುಂಗುತ್ತಿಲ್ಲ. ಒಂದು ಆಸ್ಪತ್ರೆಯಲ್ಲಿ ಬೆಡ್ ಇಲ್ಲ, 15 ದಿನ ಬಿಟ್ಟು ಬನ್ನಿ ಅಂದರು. ಅಷ್ಟರಲ್ಲಿ ದೇವಸ್ಥಾನಕ್ಕೆ ಹೋಗಿ ಬರೋಣ ಅಂತಾರೆ ಮನೆಯವರು.

ಡಾಕ್ಟರ್: ಅಮ್ಮ, 15 ದಿನ ಅಲ್ಲ, ನಾಳೆ ಬೆಳಗ್ಗೆವರೆಗೂ ಕಾಯಬೇಡಿ. ಈಗಲೇ 108ಕ್ಕೆ ಫೋನ್ ಮಾಡಿ. ನೀವು ಹೇಳುತ್ತಿರುವುದು ಕೆಟಟೋನಿಯಾ ಥರ ಕಾಣುತ್ತಿದೆ, ಅಂದರೆ ಕಾಯಿಲೆಯಿಂದ ಮಾತು, ಅಲುಗಾಟ ನಿಂತುಹೋಗುವ ಸ್ಥಿತಿ. ಅದು ಹಟ ಅಲ್ಲ, ದೇವರು ಮೈಮೇಲೆ ಬಂದದ್ದೂ ಅಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಅಲ್ಲಾಡದೆ ಇದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕೆಲವು ಮಕ್ಕಳಲ್ಲಿ ಇದು ಮಿದುಳಿನ ಉರಿಯೂತದಿಂದಲೂ ಬರುತ್ತದೆ. ಅದಕ್ಕೇ ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಎರಡೂ ಇರುವ ಕಡೆ ಹೋಗಬೇಕು. ನಿಮಗೆ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆ (ಈಗ ಕೆಎಂಸಿಆರ್‌ಐ) ಹತ್ತಿರ. ಓಪಿಡಿ ಸಾಲಲ್ಲಿ ನಿಲ್ಲಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ. ಆಸ್ಪತ್ರೆಯಲ್ಲಿ ಲೊರಾಜೆಪಾಮ್ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಮಕ್ಕಳು ಒಂದೆರಡು ದಿನದಲ್ಲೇ ಮಾತಾಡುತ್ತಾರೆ. ಜ್ವರ ಇದೆಯಾ? ಫಿಟ್ಸ್ ಬಂದಿತ್ತಾ? ಕೊನೆಗೆ ಮೂತ್ರ ಹೋಗಿದ್ದು ಯಾವಾಗ? ಈ ವಾರ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೆ ಆ ಚೀಟಿ ತಗೊಂಡು ಹೋಗಿ.

ಸದಸ್ಯೆ, ಶಿರಸಿ: ಒಂದೆಲಗದ ರಸ ಜೇನಲ್ಲಿ ಬೆರೆಸಿ ದಿನಕ್ಕೆ ಮೂರು ಸಲ ಬಾಯಿಗೆ ಬಿಡಿ. ಫಾರ್ವರ್ಡ್ ಬಂದಿತ್ತು, ತುಂಬಾ ಜನಕ್ಕೆ ಗುಣ ಆಗಿದೆಯಂತೆ.

ಡಾಕ್ಟರ್: ನುಂಗದ ಮಗುವಿನ ಬಾಯಿಗೆ ಏನು ಬಿಟ್ಟರೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ಮೆಸೇಜ್ ಅಳಿಸಿ. ಯಾರೂ ಹಾಗೆ ಮಾಡಬೇಡಿ.

ಸದಸ್ಯ, ತುಮಕೂರು: ಅಡ್ಮಿಟ್ ಆದರೆ ಶಾಲೆಯ ಹಾಜರಿ ಏನಾಗುತ್ತದೆ ಮೇಡಂ?

ತಾಯಿ, ಹಾವೇರಿ ಕಡೆ: ಜ್ವರ ಇಲ್ಲ. ಇಂಜೆಕ್ಷನ್ ಕೊಟ್ಟಿಲ್ಲ. ಅಲ್ಲಿ ಮಗುವನ್ನು ಒಬ್ಬಳೇ ಬಿಡಬೇಕಾ? ನನಗೆ ಕೈಗೂಸು ಇದೆ.

ಡಾಕ್ಟರ್: ಇಲ್ಲ ಅಮ್ಮ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ 18ರೊಳಗಿನ ಮಗುವಿನ ಜೊತೆ ಮನೆಯವರೊಬ್ಬರು ಕೊನೇವರೆಗೂ ಇರಲೇಬೇಕು. ಹೆಣ್ಣುಮಗು, ಹಾಗಾಗಿ ಹೆಂಗಸರು ಬೇಕು. ಅಜ್ಜಿ ಇರಬಹುದು. ದೊಡ್ಡವರ ವಾರ್ಡಿನಲ್ಲಿ ಹಾಕುವಂತಿಲ್ಲ. ಮೂತ್ರದ ವಿಷಯ ಹೇಳಲಿಲ್ಲ.

ಸದಸ್ಯ, ಬಳ್ಳಾರಿ: ನಮ್ಮ ಕಡೆ ಒಂದು ಆಶ್ರಮ ಇದೆ. ಬೆಡ್‌ಗೆ ಕಾಯಬೇಕಿಲ್ಲ. ಸ್ವಲ್ಪ ದಿನ ಕಟ್ಟಿ ಹಾಕ್ತಾರೆ, ಆಮೇಲೆ ಸರಿ ಹೋಗ್ತಾರೆ.

ಸದಸ್ಯೆ, ಬೆಂಗಳೂರು: ಮಗುವನ್ನು ಕಟ್ಟಿ ಹಾಕೋದಾ? ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಕಟ್ಟಿ ಹಾಕಿದ್ದ ಕಡೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸರಪಳಿ ಬಿಚ್ಚಿಕೊಳ್ಳಲಾಗದೆ 28 ಜನ ಸತ್ತರು. ಗೊತ್ತಿಲ್ವಾ?

ಸದಸ್ಯ, ಬಳ್ಳಾರಿ: ನಿಮಗೇನು, ನಿಮ್ಹಾನ್ಸ್ ಪಕ್ಕದಲ್ಲೇ ಇದ್ದೀರಿ. ನಮ್ಮೂರಿಂದ ಒಂದು ಸಲ ಬಂದು ಹೋದರೆ ಮೂರು ದಿನದ ಕೂಲಿ ಹೋಗುತ್ತದೆ.

ಸದಸ್ಯೆ, ಬೆಂಗಳೂರು: ಅದಕ್ಕೆ ಸರಪಳಿನಾ? ನಾಚಿಕೆ ಆಗಬೇಕು.

ಸದಸ್ಯ, ಬಳ್ಳಾರಿ: ನಾಲಿಗೆ ಬಿಗಿ ಹಿಡಿದು ಮಾತಾಡಿ.

ಡಾಕ್ಟರ್: ಕೂಲಿ ಹೋಗುವುದು ನಿಜ, ವೈದ್ಯರು ಕಡಿಮೆ ಇರುವುದೂ ನಿಜ. ಆದರೆ ಸರಪಳಿ ಹಾಕುವುದು ಕಾನೂನಿಗೆ ವಿರುದ್ಧ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಇಲ್ಲದ ಕಡೆ ಮಗುವನ್ನು ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇಬ್ಬರೂ ಸಾಕು ಮಾಡಿ.

ಸದಸ್ಯ, ದಾವಣಗೆರೆ: ಮಗ ಮೊಬೈಲ್ ಬಿಡಲ್ಲ, ಸೇರಿಸಬಹುದಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಸದಸ್ಯ, ಕೋಲಾರ: ಇನ್ಶೂರೆನ್ಸ್ ಬರುತ್ತಾ?

ಡಾಕ್ಟರ್: ಬೇರೆ ಕಾಯಿಲೆಗೆ ಕೊಟ್ಟ ಹಾಗೇ ಇದಕ್ಕೂ ವಿಮೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಪಾಲಿಸಿ ಓದಿ.

ಸದಸ್ಯೆ, ಶಿರಸಿ: ನಾನು ಒಳ್ಳೇದಕ್ಕೇ ಹೇಳಿದ್ದು. ಡಾಕ್ಟರಾದರೂ ಇಷ್ಟು ಒರಟಾಗಿ ಮಾತಾಡಬಾರದು.

ಡಾಕ್ಟರ್: ಹಾವೇರಿ ಅಮ್ಮ, ಎಲ್ಲಿದ್ದೀರಿ? 108 ಬಂತಾ?

ತಾಯಿ, ಹಾವೇರಿ ಕಡೆ: ಗಾಡಿ ಬಂತು ಮೇಡಂ. ನಮ್ಮ ಅತ್ತೆ ಜೊತೆಗೆ ಹೋಗ್ತಿದ್ದಾರೆ. ಮೂತ್ರ ಬೆಳಗ್ಗೆಯಿಂದ ಆಗಿಲ್ಲ.

ಡಾಕ್ಟರ್: ಹೋದ ತಕ್ಷಣ ಆ ಮಾತನ್ನೇ ಮೊದಲು ಹೇಳಲಿ. ಅತ್ತೆಯ ನಂಬರ್ ನನಗೆ ಪರ್ಸನಲ್ಲಾಗಿ ಕಳಿಸಿ. ಉಳಿದವರಿಗೆ ನಾಳೆ ಉತ್ತರಿಸುತ್ತೇನೆ.