ಸಹಾಯ ಬೇಕು: ರಾಡಾರ್‌ನ ಕೆಂಪು-ಹಸಿರು ಸುಳಿಯೋ, ಬರೀ ದೋಷವೋ?

ಟೆಕ್ಸಾಸ್‌ನ ಡಲ್ಲಾಸ್ ಬಳಿ ಇದ್ದೇನೆ. ಬಿರುಗಾಳಿಯ ದಿನಗಳಲ್ಲಿ ಇಲ್ಲಿನ ಕನ್ನಡಿಗರಿಗಾಗಿ ಜಿಆರ್‌2ಅನಲಿಸ್ಟ್ ಎಂಬ ರಾಡಾರ್ ತಂತ್ರಾಂಶದ ಪರದೆಯನ್ನು ಓಬಿಎಸ್ ಎಂಬ ಪ್ರಸಾರ ತಂತ್ರಾಂಶದ ಮೂಲಕ ನೇರ ಪ್ರಸಾರ ಮಾಡುತ್ತೇನೆ. ಹವಾಮಾನ ಸೇವೆಯ ಅಧಿಕೃತ ಎಚ್ಚರಿಕೆಯನ್ನೇ ಮೊದಲು ಓದುತ್ತೇನೆ; ಕೇಳುವವರಲ್ಲಿ ಊರಿನಿಂದ ಬಂದಿರುವ ವಯಸ್ಸಾದ ತಂದೆತಾಯಿಯರೂ ಇರುತ್ತಾರೆ.

ತೊಡಕು ವೇಗದ ಚಿತ್ರದಲ್ಲಿ. ರಾಡಾರ್ ಕಡೆಗೆ ಬರುವ ಗಾಳಿ ಹಸಿರು, ದೂರ ಹೋಗುವುದು ಕೆಂಪು ಎಂಬುದು ಗೊತ್ತು. ಆದರೆ ಮೊನ್ನೆ ಕಡುಗೆಂಪಿನ ನಡುವೆ ಉಗುರಿನಷ್ಟು ಕಡುಹಸಿರು ಕಾಣಿಸಿತು. ನಡುವೆ ಶೂನ್ಯದ ಬೂದು ಬಣ್ಣವೇ ಇರಲಿಲ್ಲ. ಸುಂಟರಗಾಳಿಯ ಸುಳಿ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ಗಾಳಿಯ ವೇಗ ರಾಡಾರ್‌ನ ಅಳತೆಯ ಮಿತಿ ಮೀರಿದರೂ ಬಣ್ಣ ಹೀಗೆಯೇ ತಿರುವುಮುರುವಾಗುತ್ತದಲ್ಲ!

ಹೀಗೆ ತಿರುವಾದ ವೇಗವನ್ನು ಸರಿಪಡಿಸುವ ಡೀಲಿಯಾಸಿಂಗ್ ಆಯ್ಕೆ ಆನ್ ಮಾಡಿದೆ, ಆ ಹಸಿರು ಹೋಗಲಿಲ್ಲ. ರಾಡಾರ್ ಇನ್ನೂ ಎತ್ತರಕ್ಕೆ ನೋಡುವ ಮೇಲಿನ ಕೋನದಲ್ಲಿ ಅದು ಇರಲೇ ಇಲ್ಲ. ರಾಡಾರ್ ಕಂಡ ಕಣಗಳು ಎಷ್ಟು ಒಂದೇ ಬಗೆಯವು ಎಂದು ತೋರಿಸುವ ಕೋರಿಲೇಶನ್ ಕೋಎಫಿಶಿಯೆಂಟ್ ಕೂಡ ಕುಸಿದಿರಲಿಲ್ಲ, ಆದರೆ ಸುಂಟರಗಾಳಿ ಕಿತ್ತ ಅವಶೇಷಗಳು ಮೇಲೇರುವ ಮೊದಲು ಅದು ಕುಸಿಯುವುದೂ ಇಲ್ಲ. ಮುಂದಿನ ಸ್ಕ್ಯಾನ್‌ಗೆ ಕಾಯುತ್ತಾ ಕೂರುವಷ್ಟು ಸಮಯ ನೇರ ಪ್ರಸಾರದಲ್ಲಿ ಸಿಗುವುದಿಲ್ಲ.

ಅನುಭವವಿರುವವರು ದಯವಿಟ್ಟು ತಿಳಿಸಿ: ಒಂದೇ ಸ್ಕ್ಯಾನ್ ಕೈಯಲ್ಲಿರುವಾಗ ನಿಜವಾದ ಸುಳಿಯನ್ನು ಈ ದೋಷದಿಂದ ಬೇರ್ಪಡಿಸಲು ಮೊದಲು ಯಾವ ಚಿತ್ರ ನೋಡುತ್ತೀರಿ, ಅದರಲ್ಲಿ ಏನನ್ನು ಹುಡುಕುತ್ತೀರಿ?